ಪರದೇಶದಲ್ಲಿ ಹುಟ್ಟಿದ ಎಫ್ರಾಯೀಮನು

ಹೊಟ್ಟೆಪಾಡಿಗಾಗಿ ಊರು ಬಿಟ್ಟು ವಿಶಾಖಪಟ್ಟಣ, ವಿಜಯವಾಡಗಳಲ್ಲಿ ನೆಲಸಿದ ನಮಗೆ ಒಂದು ಪ್ರಶ್ನೆ ಆಗಾಗ ಎದುರಾಗುತ್ತದೆ. ಇಲ್ಲಿಯೇ ಹುಟ್ಟಿದ ನಮ್ಮ ಮಕ್ಕಳು ಎಲ್ಲಿಯವರು? ಇದೇ ಪ್ರಶ್ನೆಯೊಡನೆ ಜನಿಸಿದ ಪುರಾತನ ಪುರುಷನೊಬ್ಬನ ಚರಿತ್ರೆಯನ್ನು ಇಂದು ವಾಚಕರ ಮುಂದಿಡುತ್ತೇವೆ.

ಯೆಹೂದ್ಯರ ಧರ್ಮಗ್ರಂಥವು ಹೇಳುವಂತೆ, ಕಾನಾನ್ ದೇಶದ ಯಾಕೋಬನ ಮಗನಾದ ಯೋಸೇಫನು ಅಣ್ಣಂದಿರ ಅಸೂಯೆಗೆ ಗುರಿಯಾಗಿ ವರ್ತಕರ ಕೈಗೆ ಮಾರಲ್ಪಟ್ಟನು. ಐಗುಪ್ತದಲ್ಲಿ ದಾಸನಾಗಿಯೂ ಸೆರೆಯಾಳಾಗಿಯೂ ನವೆದ ಆತನು ಬುದ್ಧಿಬಲದಿಂದ ಅರಸನ ಮಂತ್ರಿಯಾಗಿ, ಅಲ್ಲಿಯ ಪುರೋಹಿತನ ಮಗಳಾದ ಆಸನತಳನ್ನು ವರಿಸಿದನು. ಇವರ ಹಿರಿಯ ಮಗ ಮನಸ್ಸೆ, ಕಿರಿಯನೇ ಎಫ್ರಾಯೀಮ. ಕಷ್ಟಪಟ್ಟ ನೆಲದಲ್ಲಿಯೇ ತನ್ನ ಬಾಳು ಫಲಿಸಿತೆಂಬ ಭಾವದಿಂದ ತಂದೆಯು ಈ ಹೆಸರನ್ನಿಟ್ಟನು.

ಬರಗಾಲದ ದೆಸೆಯಿಂದ ಐಗುಪ್ತಕ್ಕೆ ಬಂದಿದ್ದ ವೃದ್ಧ ಯಾಕೋಬನು ಈ ಮೊಮ್ಮಕ್ಕಳಿಬ್ಬರನ್ನೂ ತನ್ನ ಮಕ್ಕಳೆಂದೇ ಅಂಗೀಕರಿಸಿದನು. ಹರಸುವಾಗ ಕೈಗಳನ್ನು ಅಡ್ಡವಾಗಿ ಚಾಚಿ, ಬಲಗೈಯನ್ನು ಕಿರಿಯನ ತಲೆಯ ಮೇಲಿರಿಸಿದನು. ಯೋಸೇಫನು ತಿದ್ದಲು ಹೋದರೂ ಮುದುಕನು ಒಪ್ಪಲಿಲ್ಲ. ಹೀಗೆ ಪರದೇಶದಲ್ಲಿ, ಪರದೇಶದ ತಾಯಿಗೆ ಹುಟ್ಟಿದ ಕಿರಿಯ ಮಗನು ಇಸ್ರಾಯೇಲರ ಒಂದು ಕುಲಕ್ಕೆ ಮೂಲಪುರುಷನಾದನು.

ಆದರೂ ಆತನಿಗೆ ದುಃಖವು ತಪ್ಪಲಿಲ್ಲ. ದನಗಳನ್ನು ಹಿಡಿಯಹೋದ ಆತನ ಮಕ್ಕಳನ್ನು ಗತ್ ಊರಿನವರು ಕೊಂದರು. ಎಫ್ರಾಯೀಮನು ಬಹುದಿನ ಶೋಕಿಸಿದನು. ಬಂಧುಗಳು ಬಂದು ಸಂತೈಸಿದರು. ತರುವಾಯ ಹುಟ್ಟಿದ ಮಗನಿಗೆ, ಮನೆಗೆ ಬಂದ ಆಪತ್ತಿನ ನೆನಪಾಗಿ, ಬೆರೀಯನೆಂದು ಹೆಸರಿಟ್ಟನು. ಈ ವಂಶದ ಹೆಣ್ಣುಮಗಳಾದ ಶೇರಳು ಬೇತ್‌ಹೋರೋನ್ ಎಂಬ ಅವಳಿ ಊರುಗಳನ್ನು ಕಟ್ಟಿಸಿದಳು. ಇಸ್ರಾಯೇಲರನ್ನು ಕಾನಾನಿಗೆ ಮರಳಿ ಕರೆದೊಯ್ದ ಯೆಹೋಶುವನೂ ಇದೇ ಕುಲದವನು. ಕ್ರಿ.ಪೂ. 10ನೆಯ ಶತಮಾನದಲ್ಲಿ ರಾಜ್ಯವು ಇಬ್ಭಾಗವಾದಾಗ ಉತ್ತರ ಭಾಗದ ಅರಸನಾದ ಯಾರೊಬ್ಬಾಮನೂ ಎಫ್ರಾಯೀಮ್ಯನೇ. ಕ್ರಿ.ಪೂ. 722ರ ಸುಮಾರಿಗೆ ಅಶ್ಶೂರರು ಆ ರಾಜ್ಯವನ್ನು ಗೆದ್ದು ಅನೇಕರನ್ನು ದೇಶಾಂತರಕ್ಕೊಯ್ದರು, ಕುಲವು ಚದುರಿಹೋಯಿತು.

ಹೆಸರು ಮಾತ್ರ ಅಳಿಯಲಿಲ್ಲ. ವಿಜಯವಾಡಕ್ಕೆ ದೂರವಲ್ಲದ ಗುಂಟೂರು ಜಿಲ್ಲೆಯ ಚೇಬ್ರೋಲು ಬಳಿ ಕೊತ್ತರೆಡ್ಡಿಪಾಲೆಂ ಎಂಬ ಗ್ರಾಮವಿದೆ. ಅಲ್ಲಿನ ಕೆಲವು ತೆಲುಗು ಕುಟುಂಬಗಳು ತಾವು ಎಫ್ರಾಯೀಮನ ಸಂತತಿಯೆಂದು ನಂಬಿ, ಬೆನೆ ಎಫ್ರಾಯಿಮ್ ಎಂದು ಹೇಳಿಕೊಳ್ಳುತ್ತವೆ. ಮಾದಿಗ ಸಮುದಾಯದ ಇವರಲ್ಲಿ ಹಲವರು ಹೊಲಗದ್ದೆಗಳ ಕೂಲಿಕಾರರು. ಹಿಂದೆ ಕ್ರೈಸ್ತರಾಗಿದ್ದವರು 1990ರ ದಶಕದ ಆದಿಯಲ್ಲಿ ತಮ್ಮದೇ ಯೆಹೂದ್ಯ ಪ್ರಾರ್ಥನಾಮಂದಿರವನ್ನು ತೆರೆದರು. ಶನಿವಾರವನ್ನು ವಿಶ್ರಾಂತಿದಿನವಾಗಿ ಆಚರಿಸುತ್ತಾರೆ. ಇವರ ವಂಶಾವಳಿಗೆ ಲಿಖಿತ ಆಧಾರವಿಲ್ಲ. ಅಣ್ಣ ಮನಸ್ಸೆಯ ಹೆಸರು ಹೊತ್ತ ಮಣಿಪುರ, ಮಿಜೋರಾಂಗಳ ಜನರಿಗೆ 2005ರಲ್ಲಿ ಇಸ್ರೇಲಿನ ಮುಖ್ಯ ರಬ್ಬಿಯೊಬ್ಬರ ಮನ್ನಣೆಯು ದೊರೆಯಿತು. ತಮ್ಮನ ಹೆಸರಿನವರಿಗೆ ಅಂಥ ಮನ್ನಣೆ ದೊರೆತಿಲ್ಲ.

ಅವರ ವಂಶದ ತೀರ್ಪು ನಮ್ಮ ಕೆಲಸವಲ್ಲ. ಯಾಕೋಬನ ಕೈಯನ್ನು ಮಾತ್ರ ನಾವು ಮರೆಯಲಾರೆವು. ಆತನು ಹುಟ್ಟಿದ ನೆಲವನ್ನು ವಿಚಾರಿಸಿ ಮೊಮ್ಮಕ್ಕಳನ್ನು ಅಪ್ಪಿಕೊಳ್ಳಲಿಲ್ಲ. ರಜೆಯಲ್ಲಿ ಊರಿಗೆ ಹೋದಾಗ ನಮ್ಮ ಮಕ್ಕಳ ತೆಲುಗು ಬೆರೆತ ಕನ್ನಡವನ್ನು ಕೇಳಿ ನಗುವ ಹಿರಿಯರು ಆ ಅಜ್ಜನನ್ನು ಒಮ್ಮೆ ನೆನೆಯಲಿ.