ಎಂ. ಒ. ಪಿ. ಅಯ್ಯಂಗಾರ್

ಮಂಡಯಂ ಓಸೂರಿ ಪಾರ್ಥಸಾರಥಿ ಅಯ್ಯಂಗಾರ್ (15 ಡಿಸೆಂಬರ್ 1886 – 10 ಡಿಸೆಂಬರ್ 1963) ಭಾರತದ ಪ್ರಸಿದ್ಧ ಸಸ್ಯವಿಜ್ಞಾನಿ. ಕೆರೆಯ ಪಾಚಿಯಿಂದ ಕಡಲಕಳೆಯವರೆಗಿನ ಶೈವಲಗಳ ಅಧ್ಯಯನಕ್ಕೆ ಭದ್ರವಾದ ಬುನಾದಿ ಹಾಕಿದ ಇವರನ್ನು ಭಾರತೀಯ ಶೈವಲವಿಜ್ಞಾನದ ಪಿತಾಮಹರೆಂದು ಗೌರವಿಸಲಾಗುತ್ತದೆ.

ಜನನ ಮತ್ತು ಶಿಕ್ಷಣ

ಅಯ್ಯಂಗಾರರು ಮದರಾಸಿನಲ್ಲಿ ಜನಿಸಿದರು. ತಂದೆ ವಕೀಲರಾಗಿದ್ದರು. ಹೆಸರಿನ ಮೊದಲಿಗಿರುವ ‘ಮಂಡಯಂ’ ಎಂಬುದು ಇಂದಿನ ಮಂಡ್ಯದೊಂದಿಗೆ ನಂಟುಳ್ಳ ಶ್ರೀವೈಷ್ಣವ ಸಮುದಾಯದ ಗುರುತು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ 1906ರಲ್ಲಿ ಬಿ.ಎ., 1909ರಲ್ಲಿ ಎಂ.ಎ. ಪದವಿ ಪಡೆದರು.

ವೃತ್ತಿಜೀವನ

1909ರಲ್ಲಿ ಮದರಾಸಿನ ಸರ್ಕಾರಿ ವಸ್ತುಸಂಗ್ರಹಾಲಯವನ್ನು ಸೇರಿದರು. 1911ರಲ್ಲಿ ರಾಜಮಹೇಂದ್ರಿಯ ಶಿಕ್ಷಕರ ತರಬೇತಿ ಕಾಲೇಜಿನಲ್ಲಿ ಉಪನ್ಯಾಸಕರಾದರು. 1920ರಲ್ಲಿ ತಾವು ಓದಿದ ಪ್ರೆಸಿಡೆನ್ಸಿ ಕಾಲೇಜಿಗೇ ಅಧ್ಯಾಪಕರಾಗಿ ಮರಳಿದರು. 1930ರಲ್ಲಿ ಲಂಡನ್ನಿಗೆ ತೆರಳಿ, ಶೈವಲತಜ್ಞ ಎಫ್. ಇ. ಫ್ರಿಷ್ ಅವರ ಬಳಿ ಸಂಶೋಧನೆ ನಡೆಸಿ ಡಾಕ್ಟರೇಟ್ ಪಡೆದರು. ಹಿಂತಿರುಗಿದ ಬಳಿಕ ಮದರಾಸು ವಿಶ್ವವಿದ್ಯಾನಿಲಯದ ಸಸ್ಯವಿಜ್ಞಾನ ಪ್ರಯೋಗಾಲಯದ ನಿರ್ದೇಶಕರಾಗಿ ದುಡಿದು, 1944ರಲ್ಲಿ ನಿವೃತ್ತರಾದರು.

ಸಂಶೋಧನೆ

ಮನ್ನಾರ್ ಕೊಲ್ಲಿಯ ಕ್ರುಸಡೈ ದ್ವೀಪದ ಕಡಲಕಳೆಗಳನ್ನು ಕುರಿತ ಇವರ ಬರಹ 1927ರಲ್ಲಿ ಪ್ರಕಟವಾಯಿತು. ಒದ್ದೆ ಮಣ್ಣಿನಲ್ಲಿ ಬೆಳೆಯುವ ಒಂದು ಹಸಿರು ಶೈವಲವನ್ನು 1932ರಲ್ಲಿ ವಿವರಿಸಿ, ಗುರುಗಳ ಗೌರವಾರ್ಥ ‘ಫ್ರಿಷಿಯೆಲ್ಲಾ’ ಎಂದು ಹೆಸರಿಟ್ಟರು. ನೀರಿನ ಸಸ್ಯಗಳು ನೆಲಕ್ಕೆ ಬಂದ ಬಗೆಯನ್ನು ಕುರಿತ ಚರ್ಚೆಯಲ್ಲಿ ಇದಕ್ಕೆ ಮಹತ್ವದ ಸ್ಥಾನವಿದೆ. ಶಿಷ್ಯ ಟಿ. ವಿ. ದೇಶಿಕಾಚಾರಿ ಅವರೊಡನೆ ರಚಿಸಿದ ‘ವಾಲ್ವೊಕೇಲ್ಸ್’ ಗ್ರಂಥವು ಮರಣಾನಂತರ, 1981ರಲ್ಲಿ ಪ್ರಕಟವಾಯಿತು.

ಅಧ್ಯಯನದ ಇಂದಿನ ಮಹತ್ವ

ಅಯ್ಯಂಗಾರರು ಶೈವಲಗಳಿಗೆ ಹೆಸರಿಡುವುದರಲ್ಲೇ ತೃಪ್ತರಾಗದೆ, ಅವು ಬೆಳೆದು ವಂಶಾಭಿವೃದ್ಧಿ ಮಾಡುವ ಕ್ರಮವನ್ನೂ ಅಭ್ಯಸಿಸಿದರು. ಇಂತಹ ಜ್ಞಾನದ ಅಗತ್ಯ ಇಂದು ಹೆಚ್ಚಿದೆ. 2011ರಿಂದೀಚೆಗೆ ಕೆರಿಬಿಯನ್ ಹಾಗೂ ಪಶ್ಚಿಮ ಆಫ್ರಿಕಾದ ತೀರಗಳಿಗೆ ಸರ್ಗಾಸಮ್ ಎಂಬ ತೇಲುವ ಕಡಲಕಳೆ ರಾಶಿರಾಶಿಯಾಗಿ ಬಂದು ಬೀಳುತ್ತಿದ್ದು, ಮೀನುಗಾರಿಕೆಗೂ ಪ್ರವಾಸೋದ್ಯಮಕ್ಕೂ ತೊಂದರೆಯಾಗಿದೆ. ಮನ್ನಾರ್ ಕೊಲ್ಲಿಯಲ್ಲೂ ಕಾರವಾರದ ತೀರದಲ್ಲೂ ಕಾಣುವ ಸರ್ಗಾಸಮ್ ಪ್ರಭೇದಗಳು ಬಂಡೆಗೆ ಅಂಟಿಕೊಂಡು ಬೆಳೆಯುತ್ತವೆ. ಅಟ್ಲಾಂಟಿಕ್‌ನ ತೇಲುವ ಪ್ರಭೇದಗಳಾದರೋ ಬದುಕಿಡೀ ನೀರಿನ ಮೇಲೆಯೇ ಇದ್ದು, ತುಂಡುಗಳಾಗಿ ವೃದ್ಧಿಸುತ್ತವೆ. ಆದುದರಿಂದ ಒಂದರ ಬೆಳವಣಿಗೆಯ ದರವನ್ನು ಮತ್ತೊಂದಕ್ಕೆ ಅನ್ವಯಿಸಲಾಗದು.

ಕಳೆಯ ಹರವನ್ನು ಉಪಗ್ರಹದ ಚಿತ್ರಗಳಿಂದಲೂ ಚಲನೆಯ ದಿಕ್ಕನ್ನು ಗಾಳಿ ಹಾಗೂ ಪ್ರವಾಹಗಳಿಂದಲೂ ಅಂದಾಜಿಸಬಹುದು. ದಾರಿಯಲ್ಲಿ ಅದು ಎಷ್ಟು ಬೆಳೆಯುತ್ತದೆಂಬುದು ಉಷ್ಣತೆ, ಬೆಳಕು, ಸಾರಜನಕ ಮತ್ತು ರಂಜಕವನ್ನು ಅವಲಂಬಿಸಿದೆ. ಉದಾಹರಣೆಗೆ, 20 ದಿನಕ್ಕೊಮ್ಮೆ ಇಮ್ಮಡಿಯಾಗುವ 1 ಟನ್ ಕಳೆ 60 ದಿನಗಳಲ್ಲಿ 8 ಟನ್ ಆಗುತ್ತದೆ. 40 ದಿನಕ್ಕೊಮ್ಮೆ ಇಮ್ಮಡಿಯಾದರೆ 3 ಟನ್ನನ್ನೂ ಮುಟ್ಟದು. ದರದ ಲೆಕ್ಕ ತಪ್ಪಿದರೆ ತೀರದ ಜನರಿಗೆ ನೀಡುವ ಮುನ್ಸೂಚನೆಯೂ ತಪ್ಪುತ್ತದೆ.

ನಿಧನ

1962ರಲ್ಲಿ ಭಾರತೀಯ ಶೈವಲವಿಜ್ಞಾನ ಸಂಘದ ಪ್ರಥಮ ಅಧ್ಯಕ್ಷರಾದ ಅಯ್ಯಂಗಾರರು ಮರುವರ್ಷ ನಿಧನರಾದರು.