ವಿಠಲ ವಿಹಾರದ 30 ವ್ಯಾಟ್

ಹೋದ ಸೆಮಿಸ್ಟರ್ ರಜೆಯಲ್ಲಿ ಕೆಸರೆಯ ನಮ್ಮನೆ ಮಹಡಿ ರೂಮಲ್ಲಿ ಒಂದು ಆಂಪ್ಲಿಫೈಯರ್ ಕಟ್ಟಿದೆ. ಎರಡು ಟಿಡಿಎ2030 ಐಸಿ, ಡೇಟಾಶೀಟ್ ಪ್ರಕಾರ ಒಂದೊಂದಕ್ಕೆ 14 ವ್ಯಾಟ್. ಐಸಿ ಭಾಗ ಒಂದೇ ಸಂಜೇಲಿ ಮುಗೀತು. ಪವರ್ ಸಪ್ಲೈ ಮಾತ್ರ ಹತ್ತು ದಿನ ತಿಂತು. ವಾಲ್ಯೂಮ್ ಏರಿಸಿದ್ರೆ ಹಾಡಿನ ಜೊತೆಗೇ ಗುಂಯ್ ಅಂತ ಶಬ್ದ. ಕೊನೆಗೆ ನೋಡಿದ್ರೆ, 4700 ಮೈಕ್ರೋಫ್ಯಾರಡ್ ಹಾಕೋ ಜಾಗದಲ್ಲಿ 470 ಹಾಕಿದ್ದೆ. ಒಂದು ಸೊನ್ನೆ ಅಷ್ಟೇ!

ಆ ಹತ್ತು ದಿನ ನನಗೆ ಪದೇ ಪದೇ ನೆನಪಾಗ್ತಿದ್ದವರು ಡಾ. ಎಂ. ವಿ. ಗೋಪಾಲಸ್ವಾಮಿ. ನಮ್ಮೂರಲ್ಲಿ, ತಮ್ಮ ಮನೆಯಲ್ಲೇ ರೇಡಿಯೋ ಕೇಂದ್ರ ನಡೆಸಿದವರು. ಅವರು ಇಂಜಿನಿಯರ್ ಅಲ್ಲ, ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರದ ಮೇಷ್ಟ್ರು.

ಲಂಡನ್ನಿನಲ್ಲಿ ಸ್ಪಿಯರ್‌ಮನ್ ಹತ್ತಿರ ಓದಿ, 1924ರ ಸುಮಾರಿಗೆ ಮೈಸೂರಿಗೆ ವಾಪಸ್ ಬಂದು ವಿಶ್ವವಿದ್ಯಾನಿಲಯದಲ್ಲಿ ಮನಃಶಾಸ್ತ್ರ ವಿಭಾಗ ಕಟ್ಟಿದರು. ಮನಃಶಾಸ್ತ್ರಕ್ಕೂ ರೇಡಿಯೋಗೂ ಏನು ಸಂಬಂಧ ಅಂತ ನಾನೂ ಅಂದ್ಕೊಂಡಿದ್ದೆ. ಆದರೆ ಅವರು ಕಲಿತದ್ದು ಪ್ರಾಯೋಗಿಕ ಮನಃಶಾಸ್ತ್ರ. ಕಾಲ ಅಳೆಯೋದು, ಶಬ್ದ ಕೇಳಿಸೋದು, ಕೈಯ ಚಲನೆ ದಾಖಲಿಸೋದು, ಎಲ್ಲಕ್ಕೂ ಉಪಕರಣ ಬೇಕು. ನಮ್ಮ ಲ್ಯಾಬಿಗಿಂತ ತುಂಬ ದೂರದ ಲೋಕ ಏನಲ್ಲ.

1935ರ ಸೆಪ್ಟೆಂಬರ್‌ನಲ್ಲಿ ತಮ್ಮ ಮನೆ ವಿಠಲ ವಿಹಾರದಲ್ಲಿ 30 ವ್ಯಾಟ್‌ನ ಒಂದು ಚಿಕ್ಕ ಟ್ರಾನ್ಸ್‌ಮಿಟರ್ ಇಟ್ಟು ಪ್ರಸಾರ ಶುರು ಮಾಡಿದರು. ನನ್ನ ಎರಡು ಐಸಿ ಸೇರಿದ್ರೆ 28! ಆದರೆ ಈ ಹೋಲಿಕೆ ಇಲ್ಲಿಗೇ ನಿಲ್ಲಬೇಕು. ಅದು ವಾಲ್ವ್ ಕಾಲ. ವಾಲ್ವಿನ ತಂತಿ ಕಾಯಿಸೋಕೆ ಕೆಲವೇ ವೋಲ್ಟ್ ಸಾಕು, ಅದರ ಪ್ಲೇಟಿಗೆ ನೂರಾರು ವೋಲ್ಟ್ ಡಿಸಿ ಬೇಕು. ಆಂಟೆನಾಗೆ 30 ವ್ಯಾಟ್ ಹೋಗಬೇಕಂದ್ರೆ ಸಪ್ಲೈ ಅದಕ್ಕಿಂತ ಎಷ್ಟೋ ಜಾಸ್ತಿ ಕೊಡಬೇಕು. ಇವತ್ತಿನಷ್ಟು ದೊಡ್ಡ ಕೆಪಾಸಿಟರ್ ಆಗ ಸುಲಭಕ್ಕೆ ಸಿಗ್ತಿರಲಿಲ್ಲ. ಅದಕ್ಕೇ ಕಬ್ಬಿಣದ ಮೇಲೆ ತಂತಿ ಸುತ್ತಿದ ಭಾರದ ಚೋಕ್ ಜೊತೆಗಿಟ್ಟು ಏರಿಳಿತ ಇಳಿಸೋದು ಆ ಕಾಲದ ರೂಢಿ. ಸ್ವಿಚ್ ಆರಿಸಿದ ಮೇಲೂ ಕೆಪಾಸಿಟರಲ್ಲಿ ಚಾರ್ಜ್ ಉಳಿದಿರತ್ತೆ, ಮುಟ್ಟಿದ್ರೆ ಜೀವಕ್ಕೇ ಅಪಾಯ. ಇಂಥದ್ದನ್ನ ಮನೆಯೊಳಗೆ ಇಟ್ಟುಕೊಂಡಿದ್ದರು.

ಇನ್ನೊಂದು ಮಾತು. ನನ್ನ ಗುಂಯ್ ಶಬ್ದ ಕೇಳಿ ಬೈದದ್ದು ಅಮ್ಮ ಒಬ್ಬರೇ. ಟ್ರಾನ್ಸ್‌ಮಿಟರಿನ ಸಪ್ಲೈಯಲ್ಲಿ ಗುಂಯ್ ಬಂದ್ರೆ ಸೆಟ್ ಇರೋ ಪ್ರತಿ ಮನೇಲೂ ಕೇಳತ್ತೆ.

ಆ ಕೇಂದ್ರಕ್ಕೆ ಇಟ್ಟ ಹೆಸರು ಆಕಾಶವಾಣಿ. ಹೆಸರು ಸೂಚಿಸಿದ್ದು ನಾ. ಕಸ್ತೂರಿ ಅಂತಲೂ ಹೇಳ್ತಾರೆ. ದಿಲ್ಲಿಯ ಸರ್ಕಾರಿ ಪ್ರಸಾರಕ್ಕೆ ಆಲ್ ಇಂಡಿಯಾ ರೇಡಿಯೋ ಅನ್ನೋ ಹೆಸರು ಬಂದದ್ದೇ 1936ರಲ್ಲಿ, ಅಂದ್ರೆ ನಮ್ಮ ಮೇಷ್ಟ್ರಿಗಿಂತ ಆಮೇಲೆ. ಖರ್ಚು ಮೊದಲು ಅವರ ಜೇಬಿಂದ, ಆಮೇಲೆ ಪುರಸಭೆಯ ನೆರವೂ ಸಿಕ್ಕಿತು. 250 ವ್ಯಾಟ್‌ನ ಟ್ರಾನ್ಸ್‌ಮಿಟರ್ ಬಂತು. ಪಾಠ ಹೇಳ್ಕೊಂಡೇ ಸುಮಾರು ಆರು ವರ್ಷ ನಡೆಸಿದರು. ನನಗೆ ದೊಡ್ಡದಾಗಿ ಕಾಣೋದು ಇದೇ. ಒಂದು ದಿನ ಪ್ರಸಾರ ಮಾಡಿ ತೋರಿಸೋದು ಹವ್ಯಾಸ. ಆರು ವರ್ಷ ಅಂದ್ರೆ ವಾಲ್ವ್ ಸುಟ್ಟರೆ ಬದಲಾಯಿಸಬೇಕು, ಕಲಾವಿದರನ್ನ ಕರೀಬೇಕು, ದುಡ್ಡು ಕೇಳೋಕೆ ಅಲೀಬೇಕು.

1942ರ ಹೊತ್ತಿಗೆ ಕೇಂದ್ರ ಮೈಸೂರು ಸಂಸ್ಥಾನದ ಕೈಗೆ ಹೋಯ್ತು. 1955ರ ನವೆಂಬರ್‌ನಲ್ಲಿ ಬೆಂಗಳೂರಿಗೆ ಹೋಯ್ತು. ಮೈಸೂರಲ್ಲಿ ಶುರುವಾದದ್ದು ಮೈಸೂರಲ್ಲೇ ಉಳೀಲಿಲ್ಲ ಅನ್ನೋದು ನಮ್ಮೂರ ಹಿರಿಯರಿಗೆ ಬೇಜಾರಿನ ವಿಷಯ. ಹೆಸರನ್ನ ಮಾತ್ರ ಅದೇ ದಶಕದಲ್ಲಿ ಇಡೀ ದೇಶದ ರೇಡಿಯೋಗೆ ತಗೊಂಡರು.

ಈಗಿನ ಮೈಸೂರು ಆಕಾಶವಾಣಿ ಇರೋದು ಯಾದವಗಿರಿಯಲ್ಲಿ. ವಿಠಲ ವಿಹಾರ ಅಲ್ಲಿಂದ ಕೂಗಳತೆ ದೂರ.