ಸೋದೆಯ ಕೊನೆಯ ಅರಸು

ಕಾಳಿ ನದಿಯು ಅರಬ್ಬೀ ಸಮುದ್ರವನ್ನು ಸೇರುವೆಡೆಯಲ್ಲಿ, ಕಾರವಾರ ಪಟ್ಟಣದ ಎದುರಿಗೆ, ಉತ್ತರ ದಂಡೆಯ ಗುಡ್ಡದ ಮೇಲೆ ಸದಾಶಿವಗಡವೆಂಬ ಹಳೆಯ ಕೋಟೆಯಿದೆ. ಅದೇ ಹೆಸರನ್ನು ಹೊತ್ತ ಅರಸನೊಬ್ಬನು ಆ ಕೋಟೆಯನ್ನೂ ತನ್ನ ಸಿಂಹಾಸನವನ್ನೂ ಕಳೆದುಕೊಂಡು ಪರರ ಆಶ್ರಯದಲ್ಲಿ ಬಾಳಬೇಕಾಯಿತು. ಅವನೇ ಸೋದೆಯ ಇಮ್ಮಡಿ ಸದಾಶಿವ.

ಸೋದೆಯು ಶಿರಸಿಗೆ ಸಮೀಪದಲ್ಲಿದೆ. ಇಂದು ಚಿಕ್ಕ ಊರಾಗಿರುವ ಅದು ಒಂದು ಕಾಲದಲ್ಲಿ ರಾಜಧಾನಿಯಾಗಿ ಮೆರೆದಿತ್ತು. ವಿಜಯನಗರದ ಆಶ್ರಯದಲ್ಲಿ ತಲೆಯೆತ್ತಿದ ಇಲ್ಲಿಯ ನಾಯಕರಲ್ಲಿ ಅರಸಪ್ಪನಾಯಕನು ಶ್ರೀ ವಾದಿರಾಜರನ್ನು ಗೌರವಿಸಿದವನೆಂದು ಪ್ರಸಿದ್ಧನು. ಘಟ್ಟದ ಮೇಲೆ ಬೆಳೆದ ಕಾಳುಮೆಣಸು ಎತ್ತುಗಳ ಮೇಲೆ ಕರಾವಳಿಗಿಳಿದು, ಅಲ್ಲಿಂದ ಹಡಗುಗಳಲ್ಲಿ ದೂರದೇಶಗಳಿಗೆ ಹೋಗುತ್ತಿತ್ತು. 1638ರಲ್ಲಿ ಇಂಗ್ಲಿಷ್ ವರ್ತಕರು ಕಾರವಾರದಲ್ಲಿ ಕೋಠಿಯನ್ನು ತೆರೆದುದಕ್ಕೂ ಈ ಮೆಣಸಿನ ಆಸೆಯೇ ಒಂದು ಕಾರಣ. ಆದರೆ ಸಿರಿಯಿದ್ದಲ್ಲಿ ಹಗೆಗಳೂ ಇರುವರಷ್ಟೆ.

ಹದಿನೆಂಟನೆಯ ಶತಮಾನದ ಆರಂಭದಲ್ಲಿ ಬಸವಲಿಂಗನೆಂಬ ಅರಸನು ಕರಾವಳಿಯ ರಕ್ಷಣೆಗಾಗಿ ಕಾಳಿಯ ದಂಡೆಯಲ್ಲಿ ಕೋಟೆಯನ್ನು ಕಟ್ಟಿಸಿ, ತನ್ನ ತಂದೆಯಾದ ಸದಾಶಿವನ ಹೆಸರನ್ನು ಅದಕ್ಕಿಟ್ಟನು. ಮಗನಿಗೂ ಅದೇ ಹೆಸರು. 1745ರ ಸುಮಾರಿಗೆ ಪಟ್ಟವೇರಿದ ಈ ಮಗನಿಗೆ ರಾಜ್ಯದೊಡನೆ ಅದರ ಕಷ್ಟಗಳೂ ಬಂದುವು. ಒಂದೆಡೆ ಮರಾಠರಿಗೆ ಕಪ್ಪವನ್ನು ತೆರಬೇಕು. ಇನ್ನೊಂದೆಡೆ ಗೋವೆಯ ಪೋರ್ಚುಗೀಸರನ್ನು ಸಂತೈಸಬೇಕು. ಒಬ್ಬರನ್ನು ಮೆಚ್ಚಿಸಿದರೆ ಮತ್ತೊಬ್ಬರು ಮುನಿಯುವರು.

1752ರಲ್ಲಿ ಗೋವೆಯ ರಾಜಪ್ರತಿನಿಧಿಯಾಗಿದ್ದ ತಾವೊರದ ಮಾರ್ಕ್ವಿಸನು ದಂಡೆತ್ತಿ ಬಂದು ಸದಾಶಿವಗಡವನ್ನು ಹಿಡಿದನು. ತಾತನ ಹೆಸರಿನ ಕೋಟೆಯ ಮೇಲೆ ಪರರ ಧ್ವಜವು ಹಾರಿತು. ಎರಡು ವರ್ಷಗಳ ಮೇಲೆ, 1754ರಲ್ಲಿ, ಅದು ಸೋದೆಯ ಅರಸನಿಗೆ ಮರಳಿ ಬಂದಿತು. ಗೆದ್ದವನ ಗತಿಯಾದರೂ ಏನಾಯಿತು? ಸ್ವದೇಶಕ್ಕೆ ಹಿಂದಿರುಗಿದ ಮಾರ್ಕ್ವಿಸನು ರಾಜನ ಕೊಲೆಗೆ ಸಂಚು ಹೂಡಿದನೆಂಬ ಆರೋಪಕ್ಕೆ ಗುರಿಯಾದನು. 1759ರ ಜನವರಿಯಲ್ಲಿ ಅವನಿಗೂ ಅವನ ಪತ್ನಿಗೂ ಲಿಸ್ಬನ್ನಿನಲ್ಲಿ ಮರಣದಂಡನೆಯಾಯಿತು. ಅಧಿಕಾರದ ಏಳುಬೀಳುಗಳಿಗೆ ಸೋತವರು, ಗೆದ್ದವರು ಎಂಬ ಭೇದವಿಲ್ಲ.

ಸದಾಶಿವನ ನೆಮ್ಮದಿಯೂ ಬಹುಕಾಲ ನಿಲ್ಲಲಿಲ್ಲ. 1763ರಲ್ಲಿ ಹೈದರಾಲಿಯು ಬಿದನೂರನ್ನು ಗೆದ್ದನು. ನೆರೆಯ ದೊಡ್ಡ ಮರವೇ ಉರುಳಿದ ಮೇಲೆ ಬಳಿಯ ಬಳ್ಳಿಗೆ ಆಸರೆಯೆಲ್ಲಿ? ಅದೇ ವರ್ಷ ಹೈದರನ ಸೇನಾನಿ ಫಜಲುಲ್ಲಾಖಾನನು ಸೋದೆಯ ಮೇಲೆ ಬಂದನು. ರಾಜಧಾನಿಯು ಬಿದ್ದಿತು, ಅಂಕೋಲೆ, ಕಾರವಾರಗಳೂ ಸದಾಶಿವಗಡವೂ ಕೈಬಿಟ್ಟವು. ಅರಸನು ಪರಿವಾರದೊಡನೆ ಗೋವೆಯನ್ನು ಸೇರಿದನು. ಹಿಂದೊಮ್ಮೆ ತನ್ನ ಕೋಟೆಯನ್ನು ಕಸಿದುಕೊಂಡಿದ್ದ ಪೋರ್ಚುಗೀಸರಲ್ಲಿಯೇ ಅವನು ಆಶ್ರಯವನ್ನು ಬೇಡಬೇಕಾಯಿತು!

ಆಶ್ರಯಕ್ಕೂ ಬೆಲೆಯಿತ್ತು. ಸೋದೆಗೆ ಸೇರಿದ್ದ ಫೋಂಡಾ, ಕಾಣಕೋಣ ಮೊದಲಾದ ಸೀಮೆಗಳು ಪೋರ್ಚುಗೀಸರ ವಶವಾದುವು. 1791ರ ಒಪ್ಪಂದದಿಂದ ಅವು ವಿಧ್ಯುಕ್ತವಾಗಿ ಅವರಿಗೆ ಸಂದುವು. ನಾಡನ್ನಾಳಿದ ಮನೆತನವು ಪರರು ಕೊಡುವ ವರ್ಷಾಶನದಿಂದ ಬದುಕುವಂತಾಯಿತು. ಫೋಂಡಾದ ಬಳಿಯ ಬಾಂದೋಡೆಯಲ್ಲಿ ನೆಲೆಸಿದ ಅವರನ್ನು ಜನರು ಸೌಂದೇಕರರೆಂದು ಕರೆದರು. ಕಳೆದುಕೊಂಡ ಊರು ಹೆಸರಿನಲ್ಲಿ ಮಾತ್ರ ಉಳಿಯಿತು.

ಇಮ್ಮಡಿ ಸದಾಶಿವನು ದಿಗ್ವಿಜಯಿಯಲ್ಲ. ಪ್ರಬಲರ ನಡುವೆ ಸಿಲುಕಿಯೂ ಹದಿನೆಂಟು ವರ್ಷಗಳ ಕಾಲ ಚಿಕ್ಕ ನಾಡೊಂದನ್ನು ಕಾಯ್ದುಕೊಂಡವನು. ಗೆದ್ದವರ ಕಥೆಯಷ್ಟೇ ಚರಿತ್ರೆಯಲ್ಲ. ಸೋತವರ ಸಂಕಟವೂ ಚರಿತ್ರೆಯೇ. ಸದಾಶಿವಗಡದ ಗುಡ್ಡವನ್ನೇರುವವರು ಕಡಲಿನ ಚೆಲುವಿನೊಡನೆ ಇದನ್ನೂ ನೆನೆಯಬೇಕು.